ಸ್ಪೇಸ್‌ಫ್ಲೈಟ್ ಸಿಮ್ಯುಲೇಟರ್: ಫೋನಿನಲ್ಲಿ ಬಾಹ್ಯಾಕಾಶ ನಿಲ್ದಾಣ ಕಟ್ಟುವ ಆಟ ಮನೆಮಂದಿಗೆಲ್ಲ ಹೊಂದುತ್ತದೆಯೇ?

ಬಾಹ್ಯಾಕಾಶ ನಿಲ್ದಾಣ ಕಟ್ಟುವ ಆಟ ಬೇಕೆಂದು ಆಪ್ ಸ್ಟೋರ್‌ನಲ್ಲಿ ಹುಡುಕಿದರೆ ಸಿಗುವ ಬಹುಪಾಲು ಆಟಗಳು ಒಂದೇ ಅಚ್ಚಿನವು. ಒಂದು ಕೋಣೆ ಇಡು, ಗಡಿಯಾರ ಮುಗಿಯುವ ತನಕ ಕಾಯಿ, ಕಾಯಲು ಆಗದಿದ್ದರೆ ವಜ್ರ ಕೊಡು, ವಜ್ರ ಮುಗಿದರೆ ದುಡ್ಡು ಕೊಡು. ಸ್ಪೇಸ್‌ಫ್ಲೈಟ್ ಸಿಮ್ಯುಲೇಟರ್ ಆ ಜಾತಿಯದಲ್ಲ. ಇದರಲ್ಲಿ ನಿಲ್ದಾಣ ಎಂಬ ಬಟನ್ನೇ ಇಲ್ಲ. ರಾಕೆಟ್ ಜೋಡಿಸಬೇಕು, ಹಾರಿಸಬೇಕು, ಕಕ್ಷೆಗೆ ಸೇರಿಸಬೇಕು. ಎರಡನೆಯ ರಾಕೆಟ್ ಹಾರಿಸಿ ಮೊದಲನೆಯದರ ಹತ್ತಿರ ತಂದು ಕೂಡಿಸಬೇಕು. ಹಾಗೆ ಒಂದೊಂದೇ ಘಟಕ ಸೇರಿದಾಗ ಮಾತ್ರ ನಿಲ್ದಾಣ.

ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಉಚಿತವಾಗಿ ಇಳಿಸಿಕೊಳ್ಳಬಹುದು. ದುಡ್ಡು ಕೊಡಬೇಕಾದದ್ದು ವಿಸ್ತರಣೆಗಳಿಗೆ (ಹೆಚ್ಚುವರಿ ಭಾಗ, ಗ್ರಹ, ಬಣ್ಣಗಳ ಕಟ್ಟುಗಳಿಗೆ) ಮಾತ್ರ, ಅದೂ ಒಂದೇ ಸಲ. ಇಂಟರ್ನೆಟ್ ಇಲ್ಲದೆಯೂ ಆಡಬಹುದು.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು, ಈ ಆಟ ಎರಡು ಆಯಾಮದ್ದು. ಭೂಮಿ ಒಂದು ವೃತ್ತ, ಕಕ್ಷೆ ಅದರ ಸುತ್ತ ಎಳೆದ ಗೆರೆ. ನೋಡಿದ ಕೂಡಲೇ ಇದೊಂದು ಕೊರತೆ ಅನ್ನಿಸಬಹುದು, ಆದರೆ ಮಕ್ಕಳ ಕೈಗೆ ನಿಲ್ದಾಣ ಎಟುಕುವುದು ಇದರಿಂದಲೇ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕಕ್ಷೆ ಸಮಭಾಜಕಕ್ಕೆ 51.6 ಡಿಗ್ರಿ ಓರೆಯಾಗಿದೆ. ಅಲ್ಲಿಗೆ ಹೋಗುವ ನೌಕೆ ಸರಿಯಾದ ಗಳಿಗೆಗೆ ಹಾರದಿದ್ದರೆ ಕಕ್ಷೆಯ ಸಮತಲವೇ ಬೇರೆಯಾಗಿ, ಅದನ್ನು ತಿದ್ದಲು ಸಿಕ್ಕಾಪಟ್ಟೆ ಇಂಧನ ಸುಡಬೇಕಾಗುತ್ತದೆ. ಆಟದಲ್ಲಿ ಸಮತಲ ಇರುವುದೇ ಒಂದು. ಉಳಿಯುವುದು ಎತ್ತರ, ವೇಗ ಮತ್ತು ಸಮಯ. ಹತ್ತು ವರ್ಷದ ಮಗುವಿನ ತಲೆಗೆ ಈ ಮೂರು ಸಾಕು.

ಎರಡನೆಯ ರಿಯಾಯಿತಿ ಅಳತೆಯಲ್ಲಿದೆ. ಹೊಸ ಲೋಕ ತೆರೆಯುವಾಗ ನಾರ್ಮಲ್, ಹಾರ್ಡ್, ರಿಯಲಿಸ್ಟಿಕ್ ಎಂಬ ಮೂರು ಹಂತ ಕೇಳುತ್ತದೆ. ನಾರ್ಮಲ್‌ನಲ್ಲಿ ಗ್ರಹಗಳು ನಿಜದ 20ನೇ ಒಂದು ಪಾಲು. ಭೂಮಿಯ ತ್ರಿಜ್ಯ 315 ಕಿಲೋಮೀಟರ್, ವಾತಾವರಣ ಮುಗಿಯುವುದು 30 ಕಿಲೋಮೀಟರ್ ಎತ್ತರದಲ್ಲಿ. ಗುರುತ್ವ ಮಾತ್ರ ನಿಜದಷ್ಟೇ. ಹಾಗಾಗಿ ಕೆಳಕಕ್ಷೆಯಲ್ಲಿ ನಿಲ್ಲಲು ಸೆಕೆಂಡಿಗೆ ಸುಮಾರು 1.65 ಕಿಲೋಮೀಟರ್ ವೇಗ ಸಾಕಾಗುತ್ತದೆ. ನಿಜದಲ್ಲಿ ಅದು 7.7 ಕಿಲೋಮೀಟರ್ ಆಸುಪಾಸು. ಒಂದು ಸುತ್ತಿಗೆ ನಿಜದ ನಿಲ್ದಾಣ ಸುಮಾರು 90 ನಿಮಿಷ ತೆಗೆದುಕೊಂಡರೆ ಇಲ್ಲಿ 22ರಿಂದ 25 ನಿಮಿಷ, ಅದನ್ನೂ ಸಮಯ ಓಡಿಸುವ ಬಟನ್ ಒತ್ತಿ ಮೊಟಕು ಮಾಡಬಹುದು. ಈ ವ್ಯತ್ಯಾಸವನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಿಲ್ದಾಣ 40 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತದೆ ಎಂದು ಶಾಲೆಯಲ್ಲಿ ಬರೆದು ಬರುತ್ತಾರೆ. ನಿಜದ್ದು ಸುಮಾರು 400 ಕಿಲೋಮೀಟರ್. ರಿಯಲಿಸ್ಟಿಕ್ ಹಂತವನ್ನು ಮನೆಯಲ್ಲಿ ಯಾರೂ ಮೊದಲಿಗೆ ಮುಟ್ಟಬೇಡಿ.

ಜೋಡಣೆಯ ಪರದೆ ಸರಳ. ಒಂದು ಬದಿಯ ಪಟ್ಟಿಯಿಂದ ಭಾಗಗಳನ್ನು ಎಳೆದು ಚೌಕಳಿಯ ಮೇಲೆ ಬಿಟ್ಟರೆ ಪಕ್ಕದ ಭಾಗಕ್ಕೆ ತಾನೇ ಅಂಟುತ್ತದೆ. ಚಿತ್ರ ನೋಡಿಯೇ ಟ್ಯಾಂಕ್ ಯಾವುದು, ಇಂಜಿನ್ ಯಾವುದು ಎಂದು ತಿಳಿಯುತ್ತದೆ, ಓದು ಸರಿಯಾಗಿ ಬಾರದ ಮಗುವೂ ಜೋಡಿಸಬಲ್ಲದು. ಒಟ್ಟು ತೂಕ, ಇಂಜಿನ್‌ನ ನೂಕುಬಲ, ಇವೆರಡರ ಅನುಪಾತ ಪರದೆಯ ಮೇಲೆ ಕಾಣುತ್ತಲೇ ಇರುತ್ತವೆ. ಈ ಅನುಪಾತವೇ ಮೊದಲ ಪಾಠ. ಆಟದಲ್ಲಿ ಸಿಗುವ ಹಾಕ್ ಎಂಬ ಇಂಜಿನ್ನಿನ ನೂಕುಬಲ 120 ಟನ್. ಅದರ ಮೇಲೆ 130 ಟನ್‌ನ ರಾಕೆಟ್ ಕಟ್ಟಿದರೆ ಹೊಗೆ ಬರುತ್ತದೆ, ರಾಕೆಟ್ ಅಲ್ಲಾಡುವುದಿಲ್ಲ. 80 ಟನ್ ಇಟ್ಟರೆ ಅನುಪಾತ 1.5 ಆಗುತ್ತದೆ, ಆರಾಮವಾಗಿ ಏರುತ್ತದೆ. ಅನುಪಾತ 1.3ಕ್ಕಿಂತ ಕೆಳಗಿದ್ದರೆ ಏರುವುದು ನಿಧಾನವಾಗಿ, ಗುರುತ್ವದ ಜೊತೆ ಗುದ್ದಾಡುವುದರಲ್ಲೇ ಇಂಧನ ಖಾಲಿ. 2ಕ್ಕಿಂತ ಮೇಲಿದ್ದರೆ ಇಂಜಿನ್ ದಂಡ, ಆ ತೂಕವನ್ನು ಟ್ಯಾಂಕಿಗೆ ಕೊಡಬಹುದಿತ್ತು.

ರಾಕೆಟ್ಟಿನ ಮೇಲಿನ ಹಂತಕ್ಕೆ, ಅಂದರೆ ಕೆಳಗಿನ ತುಂಡು ಕಳಚಿದ ಮೇಲೆ ಉಳಿಯುವ ತುಂಡಿಗೆ, ವ್ಯಾಲಿಯಂಟ್ ಎಂಬ ಇಂಜಿನ್ ಹಾಕಿ. ನೂಕುಬಲ 40 ಟನ್ ಅಷ್ಟೇ, ಆದರೆ ಅದೇ ಇಂಧನದಲ್ಲಿ ಹಾಕ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕಕ್ಷೆಗೆ ಹತ್ತಿರವಾದ ಮೇಲೆ ಬಲಕ್ಕಿಂತ ಮಿತವ್ಯಯ ಮುಖ್ಯ.

ಹೊಸಬರ ರಾಕೆಟ್ ಕೆಡುವುದು ಹೆಚ್ಚಾಗಿ ಹಂತಗಳ ನಡುವೆ. ಸೆಪರೇಟರ್ (ಕೆಲಸ ಮುಗಿದ ಹಂತವನ್ನು ಕಳಚುವ ಭಾಗ) ಹಾಕಲು ಮರೆತರೆ ಖಾಲಿ ಟ್ಯಾಂಕನ್ನೂ ಹೊತ್ತು ಏರಬೇಕಾಗುತ್ತದೆ. ಸೆಪರೇಟರ್ ಹಾಕಿ ಅದರ ಮೇಲೆ ಇಂಜಿನ್ ಇಡಲು ಮರೆತರೆ ಕಳಚಿದ ಮೇಲೆ ನೂಕುವವರೇ ಇಲ್ಲ. ಸೆಪರೇಟರ್ ದಾಟಿ ಇಂಧನ ಹರಿಯುವುದಿಲ್ಲ, ಆದ್ದರಿಂದ ಪ್ರತಿ ಇಂಜಿನ್ನಿನ ತಲೆಯ ಮೇಲೆ ಅದರದೇ ಟ್ಯಾಂಕ್ ಕೂತಿರಬೇಕು. ಇನ್ನೊಂದು, ಕ್ಯಾಪ್ಸೂಲ್ (ಯಾತ್ರಿಗಳು ಕೂರುವ ಕೋಣೆ) ಅಥವಾ ಪ್ರೋಬ್ (ಯಾತ್ರಿಗಳಿಲ್ಲದೆ ನೌಕೆ ನಡೆಸುವ ಯಂತ್ರ) ಇಲ್ಲದ ತುಂಡು ನಿಮ್ಮ ಮಾತು ಕೇಳುವುದಿಲ್ಲ. ಕಕ್ಷೆಯಲ್ಲಿ ಬಿಟ್ಟ ಮೇಲೆ ಅದು ಬರೀ ಕಸ. ನಿಲ್ದಾಣದ ಪ್ರತಿ ಘಟಕದಲ್ಲೂ ಒಂದು ಪ್ರೋಬ್ ಇರಲಿ, ತೂಕ ಅಂಥಾದ್ದೇನೂ ಅಲ್ಲ.

ಕಕ್ಷೆಗೆ ಹೋಗುವ ದಾರಿ ಹೀಗೆ: ಒಂದೆರಡು ಕಿಲೋಮೀಟರ್ ನೆಟ್ಟಗೆ ಏರಿ, ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿಸಿ. 15 ಕಿಲೋಮೀಟರ್ ಮುಟ್ಟುವಾಗ ಸುಮಾರು 45 ಡಿಗ್ರಿ ವಾಲಿರಲಿ. ಮ್ಯಾಪ್ ತೆರೆದು ನೋಡುತ್ತಿರಿ, ದಾರಿಯ ಅತಿ ಎತ್ತರದ ತುದಿ 40 ಕಿಲೋಮೀಟರ್ ದಾಟಿದ ಕೂಡಲೇ ಇಂಜಿನ್ ನಿಲ್ಲಿಸಿ. ತುದಿ ಹತ್ತಿರ ಬಂದಾಗ ಮೂತಿಯನ್ನು ಅಡ್ಡಕ್ಕೆ ತಿರುಗಿಸಿ ಮತ್ತೆ ಉರಿಸಿ. ಭೂಮಿಯೊಳಗೆ ಹೋಗುತ್ತಿದ್ದ ಗೆರೆ ಆಚೆ ಬದಿಯಲ್ಲಿ ಮೇಲೆದ್ದು ಸುತ್ತು ಮುಚ್ಚಿಕೊಳ್ಳುತ್ತದೆ. ಅತಿ ಕೆಳಗಿನ ಬಿಂದು 30 ಕಿಲೋಮೀಟರ್‌ಗಿಂತ ಮೇಲಿದ್ದರೆ ಸಾಕು, ನೌಕೆ ಮತ್ತೆ ಬೀಳುವುದಿಲ್ಲ. ಬಹಳ ಮಕ್ಕಳು ಮಾಡುವುದು ಇದರ ತಿರುಗುಮುರುಗು: 40 ಕಿಲೋಮೀಟರ್ ತನಕ ನೆಟ್ಟಗೇ ಏರಿ, ಅಲ್ಲಿ ತೇಲುತ್ತದೆ ಎಂದುಕೊಳ್ಳುತ್ತಾರೆ. ತೇಲುವುದಿಲ್ಲ, ಬಂದ ದಾರಿಯಲ್ಲೇ ಬೀಳುತ್ತದೆ. ಕಕ್ಷೆ ಎಂದರೆ ಎತ್ತರವಲ್ಲ, ಅಡ್ಡವೇಗ. ಬಾಯಲ್ಲಿ ಹತ್ತು ಸಲ ಹೇಳಿದರೂ ನಾಟದ ಈ ಸಂಗತಿ ಎರಡು ರಾಕೆಟ್ ಬಿದ್ದರೆ ನಾಟುತ್ತದೆ.

ಇಷ್ಟು ಬಂದರೆ ನಿಲ್ದಾಣಕ್ಕೆ ಕೈಹಾಕಬಹುದು. ನಿಜದ ನಿಲ್ದಾಣ ಶುರುವಾದದ್ದು 1998ರ ನವೆಂಬರ್ 20ರಂದು ಹಾರಿದ ಜಾರ್ಯಾ ಘಟಕದಿಂದ. ಅದೇ ಡಿಸೆಂಬರ್‌ನಲ್ಲಿ ಯೂನಿಟಿ ಬಂದು ಸೇರಿತು. ಯೂನಿಟಿಯ ಮುಖ್ಯ ಗುಣ ಅದರ ಆರು ಜೋಡಣಾ ದ್ವಾರಗಳು, ಮುಂದೆ ಬರುವವರೆಲ್ಲ ಅದಕ್ಕೇ ಅಂಟಿಕೊಳ್ಳಲಿ ಎಂದು. ಆಟದಲ್ಲೂ ಮೊದಲು ಕಟ್ಟಬೇಕಾದದ್ದು ಅಂಥದೇ ಒಂದು ನಡುಗಂಬ. ಎರಡು ಆಯಾಮವಾದ್ದರಿಂದ ನಾಲ್ಕೇ ದಿಕ್ಕು: ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ಡಾಕಿಂಗ್ ಪೋರ್ಟ್, ಅಂದರೆ ಎರಡು ನೌಕೆಗಳನ್ನು ಕೂಡಿಸುವ ದ್ವಾರ. ಒಳಗೆ ಪ್ರೋಬ್ ಒಂದು, ಸಣ್ಣ ಟ್ಯಾಂಕ್ ಒಂದು, ಆರ್‌ಸಿಎಸ್ ಥ್ರಸ್ಟರ್ (ನೌಕೆಯನ್ನು ಮೆಲ್ಲಗೆ ಸರಿಸುವ, ತಿರುಗಿಸುವ ಪುಟ್ಟ ನೂಕುಯಂತ್ರ) ನಾಲ್ಕು. ಸೋಲಾರ್ ಫಲಕ ಹಾಕುವಾಗ ಎಡವುವುದು ಇಲ್ಲಿಯೇ: ಮಡಚಿದಾಗ ಪುಟ್ಟದಾಗಿ ಕಾಣುವ ಫಲಕ ಬಿಚ್ಚಿದರೆ ಪಕ್ಕದ ಪೋರ್ಟಿನ ದಾರಿಗೆ ಅಡ್ಡ ಬರುತ್ತದೆ. ಫಲಕಗಳನ್ನು ನಡುಗಂಬಕ್ಕೆ ಹಾಕದೆ ಆಮೇಲೆ ಬರುವ ಘಟಕದ ತುದಿಗೆ ಹಾಕುವುದು ಲೇಸು.

ಕೆಳಗಿನ ಪೋರ್ಟಿನ ಕೆಳಗೆ ನೇರವಾಗಿ ಸೆಪರೇಟರ್ ಇರಲಿ. ನಡುವೆ ಒಂದು ಟ್ಯಾಂಕೋ ಇಂಜಿನ್ನೋ ಉಳಿದುಹೋದರೆ ಆ ಪೋರ್ಟ್ ಶಾಶ್ವತವಾಗಿ ಮುಚ್ಚಿದ ಹಾಗೆ. ಆರ್‌ಸಿಎಸ್ ನಾಲ್ಕನ್ನೂ ತೂಕದ ನಡುವಿನಿಂದ ಸಮ ದೂರದಲ್ಲಿ, ಎರಡೂ ಪಕ್ಕಕ್ಕೆ ಜೋಡಿಯಾಗಿ ಇಡಿ. ಒಂದೇ ತುದಿಯಲ್ಲಿ ಗುಂಪಾಗಿ ಇಟ್ಟರೆ ಪಕ್ಕಕ್ಕೆ ಸರಿ ಅಂದಾಗ ನೌಕೆ ಸರಿಯುವ ಬದಲು ಸುತ್ತುತ್ತದೆ. ಸಮತೋಲವಿಲ್ಲದ ನೂಕು ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಜೆಮಿನಿ 8 ನೌಕೆ ಸಾಕ್ಷಿ. 1966ರ ಮಾರ್ಚ್ 16ರಂದು ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ಕಕ್ಷೆಯಲ್ಲಿ ಮೊಟ್ಟಮೊದಲ ಡಾಕಿಂಗ್ ಮಾಡಿ ಮುಗಿಸಿದ್ದರು. ಅಷ್ಟರಲ್ಲಿ ಒಂದು ಥ್ರಸ್ಟರ್ ತೆರೆದೇ ಉಳಿದು ನೌಕೆ ಸೆಕೆಂಡಿಗೆ ಹತ್ತಿರಹತ್ತಿರ ಒಂದು ಸುತ್ತಿನಂತೆ ತಿರುಗತೊಡಗಿತು.

ಈಗ ಆಟದ ಜೀವಾಳಕ್ಕೆ ಬರೋಣ: ಎರಡನೆಯ ನೌಕೆಯನ್ನು ಮೊದಲನೆಯದರ ಹತ್ತಿರ ತರುವುದು. ನಿಲ್ದಾಣ 60 ಕಿಲೋಮೀಟರ್ ಎತ್ತರದ ದುಂಡು ಕಕ್ಷೆಯಲ್ಲಿದೆ ಎಂದಿಟ್ಟುಕೊಳ್ಳಿ. ಎರಡನೆಯ ನೌಕೆಯನ್ನು 40 ಕಿಲೋಮೀಟರ್ ಕಕ್ಷೆಗೆ ಏರಿಸಿ. ನಾರ್ಮಲ್ ಹಂತದಲ್ಲಿ ಲೆಕ್ಕ ಹಾಕಿದರೆ ನಿಲ್ದಾಣದ ಒಂದು ಸುತ್ತಿಗೆ ಸುಮಾರು 1,460 ಸೆಕೆಂಡ್, ಕೆಳಗಿನ ನೌಕೆಗೆ ಸುಮಾರು 1,350. ಪ್ರತಿ ಸುತ್ತಿನಲ್ಲೂ ಕೆಳಗಿನದು 27–28 ಡಿಗ್ರಿ ಮುಂದೆ ಬರುತ್ತದೆ. ಕಾಲು ಸುತ್ತು ಹಿಂದಿದ್ದರೂ ಮೂರು, ಮೂರೂವರೆ ಸುತ್ತಿನಲ್ಲಿ ಹಿಡಿಯಬಹುದು. ಮ್ಯಾಪ್‌ನಲ್ಲಿ ನಿಲ್ದಾಣವನ್ನು ಮುಟ್ಟಿ ಗುರಿಯಾಗಿ ಆಯ್ದುಕೊಳ್ಳಿ, ಸಮಯ ಓಡಿಸಿ ಕಾಯಿರಿ. ನಿಲ್ದಾಣ ನಿಮ್ಮಿಂದ ಸುಮಾರು 7 ಡಿಗ್ರಿ ಮುಂದಿದ್ದಾಗ ಸಾಗುವ ದಿಕ್ಕಿಗೇ ಇಂಜಿನ್ ಉರಿಸಿ, ಕಕ್ಷೆಯ ಆಚೆ ತುದಿ 60 ಕಿಲೋಮೀಟರ್ ಮುಟ್ಟುವ ಹಾಗೆ ಮಾಡಿ. ಇದಕ್ಕೆ ಬೇಕಾದದ್ದು ಸೆಕೆಂಡಿಗೆ 22 ಮೀಟರ್‌ನಷ್ಟು ಹೆಚ್ಚುವರಿ ವೇಗ ಮಾತ್ರ. ಅರ್ಧ ಸುತ್ತಿನ ನಂತರ ಎರಡೂ ಒಂದೇ ಕಡೆ ಬಂದಿರುತ್ತವೆ. ಅಲ್ಲಿ ಮತ್ತೆ 22 ಮೀಟರ್ ಕೂಡಿಸಿದರೆ ವೇಗ ಸರಿಹೊಂದುತ್ತದೆ.

ಇದರಲ್ಲಿ ಒಂದು ತಮಾಷೆ ಇದೆ. ಎರಡು ಸಲ ವೇಗ ಕೂಡಿಸಿದಿರಿ, ಆದರೆ 40 ಕಿಲೋಮೀಟರ್‌ನಲ್ಲಿ ಸೆಕೆಂಡಿಗೆ 1,655 ಮೀಟರ್ ಇದ್ದ ವೇಗ 60ರಲ್ಲಿ 1,610ಕ್ಕೆ ಇಳಿದಿರುತ್ತದೆ. ಹೆಚ್ಚು ಎತ್ತರ, ಕಡಿಮೆ ವೇಗ. ಇದನ್ನು ತಿಳಿಯದವರು ಮುಂದೆ ಕಾಣುವ ನಿಲ್ದಾಣದ ಕಡೆ ಮೂತಿ ತಿರುಗಿಸಿ ನೇರ ಇಂಜಿನ್ ಹಚ್ಚುತ್ತಾರೆ. ನೌಕೆ ಮೇಲಿನ ಕಕ್ಷೆಗೆ ಏರಿ ಇನ್ನೂ ಹಿಂದೆ ಬೀಳುತ್ತದೆ. ಮಕ್ಕಳನ್ನು ಬೈಯುವ ಹಾಗಿಲ್ಲ. 1965ರ ಜೂನ್‌ನಲ್ಲಿ ಜೆಮಿನಿ 4ರ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಕಳಚಿದ ಹಂತದ ಬಳಿಗೆ ಹೋಗಲು ಹೀಗೇ ಗುರಿಯತ್ತ ನೂಕಿದರು, ಅದು ದೂರವಾಗುತ್ತಲೇ ಹೋಯಿತು, ಇಂಧನ ಕರಗಿ ಕೊನೆಗೆ ಕೈಬಿಟ್ಟರು.

ಕೊನೆಯ ನೂರು ಮೀಟರ್ ಬೇರೆಯೇ ಆಟ. ಇಂಜಿನ್ ಮುಟ್ಟಬೇಡಿ, ಆರ್‌ಸಿಎಸ್ ಮಾತ್ರ. ನೂರು ಮೀಟರ್‌ನಲ್ಲಿ ಪರಸ್ಪರ ವೇಗ ಸೆಕೆಂಡಿಗೆ 2 ಮೀಟರ್, ಇಪ್ಪತ್ತು ಮೀಟರ್‌ನಲ್ಲಿ ಅರ್ಧ ಮೀಟರ್. ಪೋರ್ಟುಗಳು ಒಂದಕ್ಕೊಂದು ಮುಖಾಮುಖಿ ಇರಬೇಕು. ಇಲ್ಲದಿದ್ದರೆ ನಿಲ್ದಾಣಕ್ಕೆ ನಿಯಂತ್ರಣ ಬದಲಿಸಿ ಅದನ್ನೇ ತಿರುಗಿಸಿ, ಮತ್ತೆ ನೌಕೆಗೆ ಬನ್ನಿ. ನಿಲ್ದಾಣ ದೊಡ್ಡದಾದ ಮೇಲೆ ಅದು ತಿರುಗುವುದು ಬಹಳ ನಿಧಾನ, ಆಗ ನೌಕೆಯೇ ಸುತ್ತು ಹಾಕುವುದು ವಾಸಿ. ತೀರಾ ಹತ್ತಿರ ಬಂದಾಗ ಪೋರ್ಟಿನ ಆಯಸ್ಕಾಂತ ಎಳೆದುಕೊಳ್ಳುತ್ತದೆ, ಆಗ ಏನನ್ನೂ ಒತ್ತದೆ ಸುಮ್ಮನಿರಬೇಕು. ಸೂಜಿಗೆ ದಾರ ಪೋಣಿಸುವವರ ಹಾಗೆ ಮನೆಯವರೆಲ್ಲ ಉಸಿರು ಬಿಗಿಹಿಡಿಯುವುದು ಇಲ್ಲಿಯೇ. ಜೋರಾಗಿ ಬಂದು ಬಡಿದರೆ ಭಾಗಗಳು ಒಡೆದು ಚೂರಾಗುತ್ತವೆ. ಡಾಕಿಂಗ್‌ಗೆ ಮೊದಲು ಕ್ವಿಕ್‌ಸೇವ್ ಮಾಡುವುದು (ಆ ಕ್ಷಣದ ಸ್ಥಿತಿ ಉಳಿಸಿಡುವುದು) ಮನೆಯ ಕಾನೂನಾಗಲಿ.

ಮನೆಮಂದಿ ಸೇರಿ ಆಡಲು ಇದು ಹೇಗೆ ಎಂಬುದಕ್ಕೂ ಉತ್ತರ ಈ ಡಾಕಿಂಗ್‌ನಲ್ಲೇ ಇದೆ. ಒಬ್ಬರು ಮ್ಯಾಪ್ ನೋಡಿ ಡಿಗ್ರಿ, ದೂರ, ವೇಗ ಹೇಳಬೇಕು, ಇನ್ನೊಬ್ಬರು ಬಟನ್ ಒತ್ತಬೇಕು. ಫೋನಿನ ಪರದೆ ಇದಕ್ಕೆ ಇಕ್ಕಟ್ಟು, ಟ್ಯಾಬ್ ಇದ್ದರೆ ಚೆನ್ನ. ಏಳು ವರ್ಷದೊಳಗಿನವರು ರಾಕೆಟ್ ಕಟ್ಟಿ ಬೀಳಿಸಿ ನಗುತ್ತಾರೆ, ಅಷ್ಟೇ ಸಾಕು ಅವರಿಗೆ. ಎಂಟು ಒಂಬತ್ತಕ್ಕೆ ಪಕ್ಕದಲ್ಲಿ ದೊಡ್ಡವರಿದ್ದರೆ ಕಕ್ಷೆ ಸಿಗುತ್ತದೆ. ಡಾಕಿಂಗ್‌ಗೆ ಹತ್ತು ಹನ್ನೊಂದು ಆಗಿರಲಿ. ಅದಕ್ಕೂ ಮೊದಲು ಹಠ ಹಿಡಿದರೆ ಫೋನ್ ಎಸೆಯುವ ಹಂತಕ್ಕೆ ಹೋಗುತ್ತದೆ, ಏಕೆಂದರೆ ಅರ್ಧ ಗಂಟೆಯ ಕೆಲಸ ಒಂದು ತಪ್ಪು ಒತ್ತಿನಲ್ಲಿ ಮಣ್ಣುಪಾಲಾಗಬಲ್ಲದು.

ಆಟದಲ್ಲಿ ಶತ್ರುಗಳಿಲ್ಲ, ಗುಂಡಿಲ್ಲ, ರಕ್ತವಿಲ್ಲ. ಸ್ಫೋಟ ಇದೆ, ಒಡೆಯುವುದು ಲೋಹ ಮಾತ್ರ. ಒಳಗೆ ಅಪರಿಚಿತರ ಜೊತೆ ಹರಟೆ ಇಲ್ಲ, ಅದೃಷ್ಟದ ಪೆಟ್ಟಿಗೆಗಳಿಲ್ಲ, ನಾಳೆ ಬಾ ಎಂದು ಕರೆಯುವ ದಿನದ ಬಹುಮಾನವೂ ಇಲ್ಲ. ಗಮನಿಸಬೇಕಾದ ಒಂದೇ ಬಾಗಿಲು ಎಂದರೆ ಆಟಗಾರರ ಸಮುದಾಯಕ್ಕೆ ಕರೆದೊಯ್ಯುವ ಕೊಂಡಿಗಳು. ಅಂಥ ಹರಟೆಯ ತಾಣವಾದ ಡಿಸ್ಕಾರ್ಡ್ ಸೇರಲು ಕನಿಷ್ಠ 13 ವರ್ಷ ಆಗಿರಬೇಕು, ಚಿಕ್ಕವರ ಫೋನಿನಲ್ಲಿ ಅದು ಇಲ್ಲದಿರುವುದೇ ಒಳ್ಳೆಯದು. ಬೇರೆಯವರು ಕಟ್ಟಿದ ರಾಕೆಟ್ಟಿನ ನೀಲನಕ್ಷೆ ಬೇಕಾದರೆ ದೊಡ್ಡವರು ಹುಡುಕಿ ಕೊಡಲಿ.

ಸಮಯದ ವಿಷಯದಲ್ಲಿ ಮಾತ್ರ ಆಟ ತಾನಾಗಿ ನಿಲ್ಲು ಅನ್ನುವುದಿಲ್ಲ. ಹಂತ ಮುಗಿಯಿತು ಎಂಬ ಪರದೆ ಬರುವುದಿಲ್ಲ. ಹಾಗೆಂದು ಆಪ್ ಮುಚ್ಚಿದರೆ ನಷ್ಟವೂ ಇಲ್ಲ, ಲೋಕ ಅಲ್ಲೇ ನಿಂತಿರುತ್ತದೆ. ಏರುವಾಗ ಅಥವಾ ಡಾಕಿಂಗ್ ನಡುವೆ ಎಬ್ಬಿಸಿದರೆ ಜಗಳ ಖಚಿತ. ಕಕ್ಷೆಗೆ ಸೇರಿದ ಮೇಲೆ ನಿಲ್ಲಿಸು ಎಂದು ಮೊದಲೇ ಒಪ್ಪಿಸಿಕೊಂಡಿರಿ.

ಒಂದೇ ಫೋನಿನಲ್ಲಿ ಇಬ್ಬರು ಮಕ್ಕಳು ಆಡುವುದಾದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಲೋಕ ತೆರೆದು ಹೆಸರಿಡಿ. ಒಂದೇ ಲೋಕದಲ್ಲಿ ಆಡಿದರೆ ಒಬ್ಬರು ಹಳೆಯ ಸೇವ್ ತೆರೆದ ಕೂಡಲೇ ಆಮೇಲೆ ಇನ್ನೊಬ್ಬರು ಕಟ್ಟಿದ್ದೆಲ್ಲ ಮಾಯ. ಆಟವನ್ನು ಅಳಿಸುವ ಮುನ್ನವೂ ಯೋಚಿಸಿ, ಲೋಕಗಳು ಇರುವುದು ಫೋನಿನಲ್ಲಿ.

ಕೊರತೆಗಳೂ ಇವೆ. ನಿಲ್ದಾಣ ಕಟ್ಟಿದ ಮೇಲೆ ಅದು ನಿಮ್ಮನ್ನು ಏನೂ ಕೇಳುವುದಿಲ್ಲ. ಸಿಬ್ಬಂದಿಗೆ ಹಸಿವಾಗುವುದಿಲ್ಲ, ಗಾಳಿ ಸೋರುವುದಿಲ್ಲ, ಪ್ರಯೋಗಾಲಯ ಫಲಿತಾಂಶ ಕೊಡುವುದಿಲ್ಲ. ಒಳಗಿನ ಬದುಕನ್ನು ನಡೆಸುವ ಆಟ ಬೇಕಿದ್ದವರಿಗೆ ಇದು ಸಪ್ಪೆ. ನಿಲ್ದಾಣಕ್ಕೆ ನಿಜವಾದ ಉಪಯೋಗ ಬೇಕಿದ್ದರೆ ಇಂಧನದ ಡಿಪೋ ಮಾಡಿಕೊಳ್ಳಿ: ಪೋರ್ಟ್ ಕೂಡಿದ ಮೇಲೆ ಟ್ಯಾಂಕಿನಿಂದ ಟ್ಯಾಂಕಿಗೆ ಇಂಧನ ವರ್ಗಾಯಿಸಬಹುದು. ನೆಲದಿಂದ ಅರ್ಧ ಖಾಲಿ ಟ್ಯಾಂಕಿನೊಂದಿಗೆ ಹಗುರಾಗಿ ಏರಿ, ಮೇಲೆ ತುಂಬಿಸಿಕೊಂಡು ಚಂದ್ರನಿಗೋ ಮಂಗಳಕ್ಕೋ ಹೋಗಬಹುದು. ಹೀಗೆ ಆಡಿದಾಗ ನಿಲ್ದಾಣಕ್ಕೆ ಅರ್ಥ ಬರುತ್ತದೆ.

ಮತ್ತೊಂದು ಕಿರಿಕಿರಿ ನಿಧಾನಗತಿ. ಕಡಿಮೆ ಮೆಮೊರಿಯ ಫೋನಿನಲ್ಲಿ ಭಾಗಗಳ ಸಂಖ್ಯೆ ಹೆಚ್ಚಿದಂತೆ, ನಿಲ್ದಾಣದ ಹತ್ತಿರ ಬಂದಾಗ ಪರದೆ ತಡವರಿಸುತ್ತದೆ. ಸರಿಯಾಗಿ ಡಾಕಿಂಗ್ ಹೊತ್ತಿಗೇ ಹೀಗಾಗುವುದು ದುರದೃಷ್ಟ. ಹತ್ತು ಪುಟ್ಟ ಟ್ಯಾಂಕ್‌ಗಳ ಬದಲು ಉದ್ದದ ಒಂದು, ಅಲಂಕಾರದ ಕಂಬಿಗಳು ಬೇಡವೇ ಬೇಡ. ಕೆಲಸ ಮುಗಿದ ಹಂತಗಳನ್ನು ಕಕ್ಷೆಯಲ್ಲಿ ಬಿಡದೆ ಮ್ಯಾಪ್‌ನಿಂದ ಅಳಿಸಿಹಾಕಿ. ಇನ್ನೂ ಒಳ್ಳೆಯದೆಂದರೆ ಅವು ಕಕ್ಷೆ ಸೇರುವ ಮೊದಲೇ ಕಳಚಿ ತಾವಾಗಿ ಬೀಳುವ ಹಾಗೆ ರಾಕೆಟ್ ಕಟ್ಟುವುದು.

ಖರೀದಿಯ ಬಗ್ಗೆ. ಉಚಿತ ಆವೃತ್ತಿಯಲ್ಲೇ ಭೂಮಿ, ಚಂದ್ರ, ಮಂಗಳ, ಅದರ ಎರಡು ಉಪಗ್ರಹ, ಶುಕ್ರ, ಬುಧ ಎಲ್ಲ ಸಿಗುತ್ತವೆ, ಡಾಕಿಂಗ್ ಪೋರ್ಟೂ ಸಿಗುತ್ತದೆ. ಮೊದಲ ಎರಡು ಘಟಕ ಕೂಡುವ ತನಕ ಏನನ್ನೂ ಕೊಳ್ಳಬೇಡಿ. ಆಮೇಲೂ ಆಸಕ್ತಿ ಉಳಿದರೆ ಭಾಗಗಳ ವಿಸ್ತರಣೆ ಮೊದಲು, ಅಗಲದ ಟ್ಯಾಂಕ್ ಮತ್ತು ದೊಡ್ಡ ಇಂಜಿನ್ ಸಿಕ್ಕರೆ ಭಾರದ ಘಟಕವನ್ನು ಒಂದೇ ಹಾರಾಟದಲ್ಲಿ ಏರಿಸಬಹುದು. ಗುರುಗ್ರಹ ಸೇರಿಸುವ ವಿಸ್ತರಣೆ ಆಮೇಲೆ. ಬಣ್ಣ ಬದಲಿಸುವ ಸ್ಕಿನ್‌ಗಳು ಚಿಕ್ಕವರು ಕೇಳುವ ಮೊದಲ ವಸ್ತು, ಹಾರಾಟಕ್ಕೆ ಅವುಗಳಿಂದ ಪ್ರಯೋಜನವಿಲ್ಲ. ಗೂಗಲ್ ಪ್ಲೇಯ ಫ್ಯಾಮಿಲಿ ಲೈಬ್ರರಿಯಲ್ಲಿ ಆಪ್ ಒಳಗಿನ ಖರೀದಿಗಳು ಹಂಚಿಕೆ ಆಗುವುದಿಲ್ಲ, ಆದ್ದರಿಂದ ಮಗುವಿನ ಖಾತೆಯಲ್ಲಿ ಕೊಳ್ಳುವ ಬದಲು ಮನೆಯವರೆಲ್ಲ ಬಳಸುವ ಟ್ಯಾಬ್‌ನಲ್ಲಿ ದೊಡ್ಡವರ ಖಾತೆಯಿಂದ ಕೊಳ್ಳಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿಡಿ. ಐಫೋನ್‌ನಲ್ಲಾದರೆ ಸ್ಕ್ರೀನ್ ಟೈಮ್ ಒಳಗಿನ ಕಂಟೆಂಟ್ ಮತ್ತು ಪ್ರೈವಸಿ ನಿರ್ಬಂಧಗಳಿಗೆ ಹೋಗಿ ಆಪ್ ಒಳಗಿನ ಖರೀದಿಯನ್ನು ಮುಚ್ಚಿಡಬಹುದು. ಫೋನ್ ಬದಲಿಸಿದಾಗ ಅದೇ ಖಾತೆಯಿಂದ ಒಳಬಂದರೆ ಕೊಂಡದ್ದು ಮರಳಿ ಸಿಗುತ್ತದೆ, ಎರಡನೆಯ ಸಲ ದುಡ್ಡು ಕೊಡಬೇಕಿಲ್ಲ.